ನೀಲಕುಟಿ: ತಾಮ್ರಪಟದ ಒಂದು ಪದ, ಹಿತ್ತಿಲ ಒಂದು ಬಾನಿ

ಮೊದಲು ನನ್ನದೊಂದು ತಪ್ಪನ್ನು ಒಪ್ಪಿಕೊಂಡು ಶುರು ಮಾಡ್ತೀನಿ.

ಕೆಲವು ವರ್ಷಗಳ ಹಿಂದೆ ನಮ್ಮಂಥ ಹವ್ಯಾಸಿಗಳದೇ ಒಂದು ಸಣ್ಣ ಕೂಟದಲ್ಲಿ ಮಾತಾಡುವ ಅವಕಾಶ ಸಿಕ್ಕಿತ್ತು. ವಿಷಯ: ಅಯ್ಯಾವೊಳೆ ಐನೂರ್ವರು ಮಾರುತ್ತಿದ್ದ ಸರಕುಗಳು. ಎಪಿಗ್ರಾಫಿಯಾ ಕರ್ನಾಟಿಕದ 7ನೆಯ ಸಂಪುಟದಲ್ಲಿರುವ ಶಿಕಾರಿಪುರ 118ನೆಯ ಶಾಸನ ನಿಮ್ಮಲ್ಲಿ ಹಲವರಿಗೆ ಗೊತ್ತೇ ಇದೆ. 11ನೆಯ ಶತಮಾನದ ಆ ಬರಹದಲ್ಲಿ, ಈ ವರ್ತಕರು ದೇಶದೇಶ ಸುತ್ತಿ ಮಾರುತ್ತಿದ್ದ ವಸ್ತುಗಳ ಉದ್ದನೆಯ ಪಟ್ಟಿಯಿದೆ. ಅದರಲ್ಲಿ ‘ನೀಲ’ ಕಂಡದ್ದೇ ತಡ, ನಾನು ಹಿಗ್ಗಿಬಿಟ್ಟೆ. ‘ನೋಡಿ, ಸಾವಿರ ವರ್ಷದ ಹಿಂದೆಯೇ ನಮ್ಮ ವರ್ತಕರು ನೀಲಿ ಬಣ್ಣ ಮಾರ್ತಿದ್ರು’ ಅಂತ ಘೋಷಿಸಿಬಿಟ್ಟೆ. ಚಪ್ಪಾಳೆಯೂ ಬಿತ್ತು.

ಕಾರ್ಯಕ್ರಮ ಮುಗಿದು ಕಾಫಿ ಕುಡಿಯುವಾಗ ನಿವೃತ್ತ ಮೇಷ್ಟ್ರೊಬ್ಬರು ಹತ್ತಿರ ಬಂದು, ‘ಆ ಪದದ ಹಿಂದೆ ಮುಂದೆ ಏನಿದೆ ಅಂತ ಓದಿದ್ರಾ?’ ಎಂದು ಕೇಳಿದರು. ಓದಿದ್ದೆ, ಆದರೆ ಗಮನಿಸಿರಲಿಲ್ಲ. ಅಕ್ಕಪಕ್ಕದಲ್ಲಿ ಇರುವುದೆಲ್ಲ ಚಂದ್ರಕಾಂತ, ಮುತ್ತು, ಮಾಣಿಕ್ಯ, ವಜ್ರ, ವೈಡೂರ್ಯ, ಪುಷ್ಯರಾಗ, ಹವಳ, ಪಚ್ಚೆ. ರತ್ನಗಳ ಪಂಕ್ತಿಯಲ್ಲಿ ಕೂತಿರುವ ‘ನೀಲ’ ನೀಲಮಣಿಯೇ ಹೊರತು ಬಣ್ಣವಲ್ಲ. ಏಲಕ್ಕಿ, ಲವಂಗ, ಶ್ರೀಗಂಧ, ಕರ್ಪೂರ, ಕಸ್ತೂರಿಗಳ ಪಟ್ಟಿ ಬರುವುದು ಆಮೇಲೆ. ಮೇಷ್ಟ್ರು ಬೈಯಲಿಲ್ಲ. ‘ಮನುಷ್ಯರ ಹಾಗೇನೇ ಪದಾನೂ. ಯಾರು ಏನು ಅಂತ ನೆರೆಹೊರೆಯವರನ್ನ ಕೇಳ್ಬೇಕು’ ಅಂದರು ಅಷ್ಟೆ.

ವೃತ್ತಿಯಲ್ಲಿ ನಾನು ಎಂಜಿನಿಯರ್. ನೀರೆತ್ತುವ ಪಂಪುಗಳು, ತೊಟ್ಟಿಗಳು, ಕೊಳವೆಗಳು ನನ್ನ ದಿನದ ಕೆಲಸ. ಶಾಸನ ಓದುವುದನ್ನು ಭಾನುವಾರಗಳಲ್ಲಿ ನಾನಾಗೇ ಕಲಿತದ್ದು. ಹಾಗಾಗಿ ಪಾಠಗಳು ಹೀಗೆ ತಪ್ಪು ಮಾಡಿಯೇ ಬರುತ್ತವೆ. ಆದರೆ ಆ ದಿನದ ಮುಜುಗರ ಒಂದು ಪ್ರಶ್ನೆಯನ್ನು ಬಿಟ್ಟುಹೋಯಿತು. ಬಟ್ಟೆಗೆ ಹಾಕುವ ನೀಲಿ, ಗಿಡದ ನೀಲಿ, ಯಾವುದಾದರೂ ಶಾಸನದಲ್ಲಿ ಸಂಶಯವಿಲ್ಲದ ಹಾಗೆ ಸಿಗುತ್ತದೆಯೇ? ಸಿಕ್ಕರೆ ಅದು ನಮಗೆ ಏನು ಹೇಳುತ್ತದೆ?

ನೀಲಿ ಅನ್ನೋ ಪದದ ಗೋಜಲು

ಹುಡುಕಾಟಕ್ಕೆ ಇಳಿಯುವ ಮುಂಚೆ ಈ ಪದ ಎಷ್ಟು ಜಾರುತ್ತದೆ ಅಂತ ನೋಡಿಬಿಡೋಣ.

ಸಂಸ್ಕೃತದ ‘ನೀಲ’ಕ್ಕೆ ನೀಲಿ ಎಂಬ ಅರ್ಥವೂ ಇದೆ, ಕಪ್ಪು, ಕಡು ಎಂಬ ಅರ್ಥವೂ ಇದೆ. ‘ನೀಲೀ’ ಎಂದರೆ ಗಿಡ. ಗ್ರೀಕರಿಗೂ ಇದೇ ತೊಡಕು. ಕ್ರಿಸ್ತಶಕ 1ನೆಯ ಶತಮಾನದ ಪೆರಿಪ್ಲಸ್ ಗ್ರಂಥ, ಸಿಂಧೂ ನದಿ ಸಮುದ್ರ ಸೇರುವಲ್ಲಿದ್ದ ಬಾರ್ಬರಿಕಾನ್ ಬಂದರಿನಿಂದ ‘ಇಂಡಿಕಾನ್ ಮೆಲಾನ್’ ರಫ್ತಾಗುತ್ತಿತ್ತು ಎನ್ನುತ್ತದೆ. ಪದಶಃ ನೋಡಿದರೆ ಅದು ‘ಇಂಡಿಯಾದ ಕಪ್ಪು’. ಆ ‘ಇಂಡಿಕಾನ್’ನಿಂದಲೇ ಇಂಗ್ಲಿಷಿನ ಇಂಡಿಗೋ ಬಂತು. ಇತ್ತ ನಮ್ಮ ‘ನೀಲ’ ಅರಬ್ಬಿಗೆ ಹೋಗಿ ‘ಅನ್-ನೀಲ್’ ಆಯಿತು, ಪೋರ್ಚುಗೀಸರ ಬಾಯಲ್ಲಿ ‘ಅನಿಲ್’ ಆಯಿತು. 1826ರಲ್ಲಿ ಅನ್‌ವರ್ಡೋರ್ಬೆನ್ ಎಂಬ ಜರ್ಮನ್ ರಸಾಯನ ವಿಜ್ಞಾನಿ ಈ ನೀಲಿಯನ್ನು ಬಟ್ಟಿ ಇಳಿಸಿ ಒಂದು ಎಣ್ಣೆಯಂಥ ದ್ರವ ಪಡೆದ. ಮುಂದೆ ಅದಕ್ಕೆ ‘ಅನಿಲೀನ್’ ಎಂಬ ಹೆಸರು ನಿಂತಿತು. ಗಾಳಿ ಎಂಬ ಅರ್ಥದ ನಮ್ಮ ‘ಅನಿಲ’ಕ್ಕೂ ಇದಕ್ಕೂ ಯಾವ ನಂಟೂ ಇಲ್ಲ. ಇದೊಂದು ಬಲೆ, ಬೀಳಬೇಡಿ.

ಮನೆಯೊಳಗೂ ಒಂದು ಬಲೆ ಇದೆ. ನಮ್ಮ ಅಜ್ಜಿ ಬಿಳಿ ಪಂಚೆಗೆ ‘ನೀಲಿ ಹಾಕು’ ಅಂತಿದ್ದರು. ಅದು ಬಟ್ಟೆಯ ಹಳದಿ ಛಾಯೆ ಮರೆಸಲು ಹಾಕುವ ಅಲ್ಟ್ರಾಮರೀನ್ ಪುಡಿ, ಗಿಡದ ನೀಲಿ ಅಲ್ಲ. ಇನ್ನು ‘ನೀಲಗಾರರು’ ಎಂದರೆ ಚಾಮರಾಜನಗರ, ಮಂಡ್ಯದ ಕಡೆಯವರಿಗೆ ಮಂಟೇಸ್ವಾಮಿಯ ಕಥೆ ಹಾಡುವವರು ನೆನಪಾಗುತ್ತಾರೆ. ಮೈಸೂರು ಸೀಮೆಯ ಹಳೆಯ ಜಾತಿಪಟ್ಟಿಗಳಲ್ಲಿ ಅದೇ ಹೆಸರು ಬಟ್ಟೆಗೆ, ನೂಲಿಗೆ ನೀಲಿ ಹಾಕುವವರಿಗೂ ಇದೆ. ಹೆಸರು ಒಂದಾದ ಮಾತ್ರಕ್ಕೆ ಮೂಲವೂ ಒಂದೇ ಅಂತ ಹೇಳಲಾಗದು.

ರತ್ನ, ಬಣ್ಣ, ಗಿಡ, ಕಪ್ಪು, ಹಾಡುಗಾರ: ಇಷ್ಟೆಲ್ಲ ಅರ್ಥ ಹೊತ್ತ ಪದ ಕಲ್ಲಿನ ಮೇಲೆ ಒಂಟಿಯಾಗಿ ಸಿಕ್ಕರೆ ನಂಬುವಂತಿಲ್ಲ. ಒಳ್ಳೆಯ ನೆರೆಹೊರೆ ಇರುವ ಒಂದು ಉಲ್ಲೇಖ ಬೇಕಿತ್ತು. ಅದು ಸಿಕ್ಕಿದ್ದು ಕರ್ನಾಟಕದಲ್ಲಲ್ಲ, ಗುಜರಾತಿನ ಕಡೆಯ ಒಂದು ತಾಮ್ರಪಟದಲ್ಲಿ.

ವಿಷ್ಣುಷೇಣನ ಶಾಸನ

ಡಿ.ಸಿ. ಸರ್ಕಾರ್ ಅವರು ಎಪಿಗ್ರಾಫಿಯಾ ಇಂಡಿಕಾದ 30ನೆಯ ಸಂಪುಟದಲ್ಲಿ ಪ್ರಕಟಿಸಿದ ಶಾಸನ ಇದು. ಕಾಲ ಸಂವತ್ 649. ಅದನ್ನು ವಿಕ್ರಮ ಶಕೆ ಎಂದು ಹಿಡಿದರೆ ಕ್ರಿಸ್ತಶಕ 592. ಲೋಹಾಟ ಎಂಬಲ್ಲಿಂದ ವಿಷ್ಣುಷೇಣನೆಂಬ ಸಾಮಂತ ಅರಸ ಹೊರಡಿಸಿದ್ದು. ಸಾಮಾನ್ಯವಾಗಿ ತಾಮ್ರಪಟ ಅಂದರೆ ಯಾರಿಗೋ ಭೂಮಿ ಕೊಟ್ಟ ದಾನಪತ್ರ ಇರುತ್ತದೆ. ಇದು ಹಾಗಲ್ಲ. ವರ್ತಕರ ಸಂಘದವರು ಬಂದು, ‘ನಮ್ಮಲ್ಲಿ ನಡೆದುಬಂದ ಕಟ್ಟಳೆಗಳನ್ನು ಊರ್ಜಿತ ಮಾಡಿಕೊಡಿ’ ಎಂದು ಕೇಳಿಕೊಂಡದ್ದಕ್ಕೆ ಅರಸ ಒಪ್ಪಿ ಬರೆಸಿಕೊಟ್ಟ 72 ಕಟ್ಟಳೆಗಳ ಪಟ್ಟಿ. ಮಕ್ಕಳಿಲ್ಲದೆ ಸತ್ತವನ ಆಸ್ತಿಯನ್ನು ಅರಮನೆಯವರು ಎಳೆದುಕೊಳ್ಳಬಾರದು ಎಂಬುದು ಅದರಲ್ಲೊಂದು. ಕಮ್ಮಾರ, ಬಡಗಿ, ಕ್ಷೌರಿಕ, ಕುಂಬಾರರಿಂದ ಬಿಟ್ಟಿ ದುಡಿಸಿಕೊಳ್ಳಬಹುದು ಎಂಬುದು ಇನ್ನೊಂದು. ಭಾಷೆ ಸಂಸ್ಕೃತವೇ ಆದರೂ ನಡುನಡುವೆ ಸಂತೆಯ ಪದಗಳು ತೂರಿಕೊಂಡಿವೆ. ಡಿ.ಡಿ. ಕೊಸಾಂಬಿಯವರು ಇಂಥ ವ್ಯಾಪಾರಿ ಶಾಸನಗಳ ಬಗ್ಗೆ 1959ರಲ್ಲಿ ಬರೆದ ಲೇಖನದಲ್ಲಿ ಇದನ್ನು ಚರ್ಚಿಸಿದ್ದಾರೆ.

ಈ ಪಟ್ಟಿಯ ಕೊನೆಯ ಭಾಗದಲ್ಲಿ ತೆರಿಗೆಯ ದರಗಳಿವೆ. ಅಲ್ಲಿ ಬರುತ್ತದೆ ನಮ್ಮ ಪದ: ‘ನೀಲಕುಟಿ’. ಅದರ ಮೇಲಿನ ಸುಂಕ 3 ರೂಪಕ. ರೂಪಕ ಎಂದರೆ ಬೆಳ್ಳಿಯ ನಾಣ್ಯ.

ಈಗ ನೆರೆಹೊರೆ ನೋಡೋಣ. ಅದೇ ಶಾಸನದಲ್ಲಿ ಕಬ್ಬಿನ ಮೇಲೂ ಸುಂಕ ಇದೆ, 32 ರೂಪಕ. ಆದರೆ ಅಲ್ಲಿ ಪದ ‘ಇಕ್ಷುವಾಟ’. ವಾಟ ಎಂದರೆ ಬೇಲಿ ಹಾಕಿದ ತೋಟ. ಶುಂಠಿಗೂ ಹಾಗೇ, ಶುಂಠಿಯ ‘ವಾಟ’, ಕಬ್ಬಿನದಕ್ಕಿಂತ ಅರ್ಧ. ಮುಂದೆ ‘ಯಂತ್ರಕುಟಿ’ ಬರುತ್ತದೆ, ಅದಕ್ಕೂ 3 ರೂಪಕ. ಯಂತ್ರ ಇರುವ ಕುಟಿ ಅಂದರೆ ಗಾಣದ ಮನೆ ಅಥವಾ ಆಲೆಮನೆ. ಒಟ್ಟಿನಲ್ಲಿ ವಸ್ತು ತಯಾರಾಗುವ ಕೊಟ್ಟಿಗೆ.

ಹಾಗಾದರೆ ‘ನೀಲಕುಟಿ’ ಏನು? ನೀಲಮಣಿಯ ಅಂಗಡಿ ಅನ್ನೋಣವೇ? ಕಬ್ಬು, ಶುಂಠಿ, ಗಾಣಗಳ ಸಾಲಿನಲ್ಲಿ ರತ್ನಕ್ಕೆ ಏನು ಕೆಲಸ? ಗಾಣದ ಮನೆಗೆ ಹಾಕಿದಷ್ಟೇ ತೆರಿಗೆ ಹಾಕಿಸಿಕೊಂಡು, ಅದೇ ‘ಕುಟಿ’ ಎಂಬ ಹೆಸರು ಹೊತ್ತಿರುವ ಇದು ನೀಲಿ ತೆಗೆಯುವ ಮನೆಯೇ ಇರಬೇಕು. ಈ ಸಲ ನೆರೆಹೊರೆಯವರು ನನ್ನ ಪರವಾಗಿ ಸಾಕ್ಷಿ ಹೇಳಿದರು.

ನನ್ನ ತಲೆ ಕೊರೆದದ್ದು ಆಮೇಲಿನ ಪ್ರಶ್ನೆ. ಕಬ್ಬೂ ಬೆಳೆ, ಶುಂಠಿಯೂ ಬೆಳೆ, ನೀಲಿಯೂ ಬೆಳೆ. ಮೊದಲೆರಡಕ್ಕೆ ತೋಟವನ್ನು ಲೆಕ್ಕ ಹಾಕಿದವರು ಮೂರನೆಯದಕ್ಕೆ ಯಾಕೆ ಹೊಲ ಬಿಟ್ಟು ಕುಟಿಗೆ ಬಂದರು? ‘ನೀಲವಾಟ’ ಯಾಕಿಲ್ಲ?

ಪುಸ್ತಕ ತಿರುವಿದರೆ ಉತ್ತರ ಸಿಗಲಿಲ್ಲ. ಸರಿ, ಒಂದು ಸಲ ಮಾಡಿಯೇ ನೋಡೋಣ ಅನ್ನಿಸಿತು.

ಎಂಟು ಕಿಲೋ ಸೊಪ್ಪು

ತುಮಕೂರಿನ ಹತ್ತಿರ ನಮ್ಮ ಭಾವನ ಹೊಲ ಇದೆ. ಅದರ ಒಂದು ಮೂಲೆಯಲ್ಲಿ ನೀಲಿ ಬೀಜ ಚೆಲ್ಲಿದೆವು. ನಮ್ಮ ನಾಡಿನ ನೀಲಿ ಗಿಡ, ಸಸ್ಯಶಾಸ್ತ್ರದಲ್ಲಿ ಇಂಡಿಗೋಫೆರಾ ಟಿಂಕ್ಟೋರಿಯಾ, ಅವರೆ ಹುರುಳಿಗಳ ಬಳಗದ್ದು. ಸೊಂಟದೆತ್ತರ ಬೆಳೆಯುತ್ತದೆ, ಸಣ್ಣ ಎಲೆ, ತಿಳಿಗೆಂಪು ಹೂವು. ಇಡೀ ಗಿಡದಲ್ಲಿ ಎಲ್ಲೂ ನೀಲಿ ಇಲ್ಲ! ಎಲೆ ಹಿಸುಕಿದರೆ ಹಸಿರು ರಸವೇ. ಭಾವ ನೋಡಿ, ‘ಇದರಲ್ಲಿ ಬಣ್ಣ ಎಲ್ಲಿದೆ ಮಾರಾಯ, ದನವಾದರೂ ತಿಂತಿತ್ತು’ ಅಂತ ನಕ್ಕರು.

ಅವರು ಹೇಳಿದ್ದು ರಸಾಯನಶಾಸ್ತ್ರದ ಪ್ರಕಾರವೂ ಸರಿ. ಎಲೆಯಲ್ಲಿರುವುದು ಇಂಡಿಕನ್ ಎಂಬ ಬಣ್ಣವಿಲ್ಲದ ವಸ್ತು. ನೀರಿನಲ್ಲಿ ನೆನೆದು ಕೊಳೆಯಲು ಶುರುವಾದಾಗ ಅದು ಒಡೆದು, ಸಕ್ಕರೆ ಒಂದು ಕಡೆ, ಇಂಡಾಕ್ಸಿಲ್ ಎಂಬುದು ಒಂದು ಕಡೆ ಆಗುತ್ತದೆ. ಈ ಇಂಡಾಕ್ಸಿಲ್‌ಗೆ ಗಾಳಿ ತಾಗಬೇಕು. ಆಗ ಎರಡೆರಡು ಕಣ ಜೋಡಿಯಾಗಿ, ನೀರಿನಲ್ಲಿ ಕರಗದ ನೀಲಿಯಾಗಿ ತಳಕ್ಕೆ ಇಳಿಯುತ್ತದೆ. ಅಂದರೆ ನೀಲಿ ಹುಟ್ಟುವುದು ಹೊಲದಲ್ಲಲ್ಲ, ತೊಟ್ಟಿಯಲ್ಲಿ.

ಮೊದಲ ಸಲ ಸೋತೆ. ಸಂಜೆ ಕೊಯ್ದ ಸೊಪ್ಪನ್ನು ಗೋಣಿಚೀಲಕ್ಕೆ ತುರುಕಿ, ಕಾರಿನ ಡಿಕ್ಕಿಯಲ್ಲಿ ಬೆಂಗಳೂರಿಗೆ ತಂದು, ಮಾರನೆಯ ದಿನ ಮಧ್ಯಾಹ್ನ ನೆನೆಹಾಕಿದೆ. ಚೀಲದೊಳಗೇ ಬಿಸಿಯೇರಿ ಬೆಂದುಹೋಗಿದ್ದ ಸೊಪ್ಪಿನಿಂದ ಬಂದದ್ದು ಬೂದು ಬಣ್ಣದ ಗಸಿ. ಕೋರಮಂಡಲ ತೀರದಲ್ಲಿ ಎಲೆಯನ್ನು ಬಿಸಿಲಿಗೆ ಬೇಗ ಒಣಗಿಸಿ ಕೂಡಿಟ್ಟು, ಆಮೇಲೆ ನೀಲಿ ತೆಗೆಯುವ ಕ್ರಮವೂ ಇತ್ತು. ನಾನು ಮಾಡಿದ್ದು ಅತ್ತ ಹಸಿಯೂ ಅಲ್ಲ, ಇತ್ತ ಒಣಗಿಯೂ ಅಲ್ಲ.

ಎರಡನೆಯ ಸಲ ಹೊಲದಲ್ಲೇ ಎಲ್ಲ ವ್ಯವಸ್ಥೆ ಮಾಡಿಕೊಂಡೆ. ಹೂ ಬಿಡುವ ಹೊತ್ತಿಗೆ 8 ಕಿಲೋ ಸೊಪ್ಪು ಕೊಯ್ದು, ಅರ್ಧ ಗಂಟೆಯೊಳಗೆ ದೊಡ್ಡ ಡ್ರಮ್ಮಿಗೆ ಹಾಕಿ, ಸೊಪ್ಪು ತೇಲದಂತೆ ಮೇಲೆ ಕಲ್ಲು ಹೇರಿ, ಮುಳುಗುವಷ್ಟು ನೀರು ತುಂಬಿಸಿದೆವು. ರಾತ್ರಿಯೆಲ್ಲ ನೆನೆಯಿತು. ಬೆಳಗ್ಗೆ ನೀರು ಹಳದಿ ಹಸಿರಾಗಿತ್ತು, ಮೇಲೆ ತೆಳ್ಳಗೆ ತಾಮ್ರದ ಬಣ್ಣದ ಪೊರೆ. ವಾಸನೆಯ ವಿಚಾರ ಕೇಳಬೇಡಿ. ಸೊಪ್ಪು ತೆಗೆದು, ನೀರನ್ನು ಸೋಸಿ ಇನ್ನೊಂದು ಪಾತ್ರೆಗೆ ಇಳಿಸಿ, ಒಂದಿಷ್ಟು ಸುಣ್ಣದ ತಿಳಿ ಸೇರಿಸಿ, ಎರಡು ಬಕೆಟ್‌ಗಳಲ್ಲಿ ಎತ್ತಿ ಎತ್ತಿ ಸುರಿಯಲು ಶುರು ಮಾಡಿದೆವು. ಗಾಳಿ ಸೇರಿಸಬೇಕಲ್ಲ! ಹತ್ತು ನಿಮಿಷಕ್ಕೆ ಹಸಿರು ಗಾಢವಾಯಿತು. ಅರ್ಧ ಗಂಟೆಗೆ ನೊರೆ ನೀಲಿಯಾಯಿತು. ಮುಕ್ಕಾಲು ಗಂಟೆಗೆ ನೊರೆ ತಗ್ಗಿ, ತಟ್ಟೆಯಲ್ಲಿ ಒಂದು ತೊಟ್ಟು ಇಟ್ಟು ನೋಡಿದರೆ ನೀಲಿ ಕಣಗಳು ಬೇರೆ, ನೀರು ಬೇರೆ ಕಾಣತೊಡಗಿತು. ನಗುತ್ತಿದ್ದ ಭಾವ ತಾವೇ ಬಕೆಟ್ ಹಿಡಿದಿದ್ದರು.

ಗಸಿ ತಳಕ್ಕೆ ಇಳಿಯಲು ಒಂದು ದಿನ ಬಿಟ್ಟೆವು. ಮೇಲಿನ ನೀರು ಬಸಿದು, ಉಳಿದದ್ದನ್ನು ಕುದಿಸಿ, ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿ, ನೆರಳಲ್ಲಿ ಒಣಗಿಸಿದೆವು. ಕೊನೆಗೆ ಸಿಕ್ಕ ನೀಲಿಯ ಬಿಲ್ಲೆ 24 ಗ್ರಾಂ. ನೂರು ಕಿಲೋ ಸೊಪ್ಪಿಗೆ ಲೆಕ್ಕ ಹಾಕಿದರೆ 300 ಗ್ರಾಂ.

ಆ 24 ಗ್ರಾಂ ಅಂಗೈಯಲ್ಲಿ ಇಟ್ಟುಕೊಂಡಾಗಲೇ ವಿಷ್ಣುಷೇಣನ ಕಾಲದ ಸುಂಕದವರು ಯಾಕೆ ಕುಟಿಗೆ ಬಂದರು ಅಂತ ಹೊಳೆದದ್ದು.

ಕುಟಿಯನ್ನೇ ಯಾಕೆ ಎಣಿಸಿದರು?

ಇದು ನನ್ನ ಊಹೆ. ತೂಗಿ ನೋಡಿ.

ಒಂದು, ಹೊಲದಲ್ಲಿರುವ ನೀಲಿ ಗಿಡಕ್ಕೆ ಬೆಲೆ ಇಲ್ಲ. ಕಬ್ಬನ್ನು ಜಗಿಯಬಹುದು, ಶುಂಠಿಯನ್ನು ಕಿತ್ತು ಸಂತೆಗೆ ಒಯ್ಯಬಹುದು. ನೀಲಿ ಸೊಪ್ಪು ತೊಟ್ಟಿಗೆ ಬೀಳುವ ತನಕ ಬರೀ ಸೊಪ್ಪು. ತೊಟ್ಟಿಯಿಂದ ಹೊರಬಿದ್ದ ಮೇಲಷ್ಟೇ ಅದು ಸರಕು.

ಎರಡು, ಆ ಸರಕನ್ನು ಬಚ್ಚಿಡುವುದು ಸುಲಭ. ಒಂದು ಗಾಡಿ ಸೊಪ್ಪಿನ ನೀಲಿ ಸೊಂಟದ ಚೀಲದಲ್ಲಿ ಹಿಡಿಯುತ್ತದೆ. ತೊಟ್ಟಿಯನ್ನು ಬಚ್ಚಿಡಲಾಗದು. ಅದಕ್ಕೆ ನೀರಿನ ಆಸರೆ ಬೇಕು, ಎರಡು ಮಟ್ಟ ಬೇಕು, ಜನ ಬೇಕು, ಮೇಲಾಗಿ ಅದರ ವಾಸನೆ ಅರ್ಧ ಮೈಲಿ ದೂರದಿಂದಲೇ ‘ಇಲ್ಲಿದ್ದೇನೆ’ ಅನ್ನುತ್ತದೆ.

ಮೂರು, ತೂಕವನ್ನು ನಂಬುವ ಹಾಗಿಲ್ಲ. ಶಾಸನದ ಕಾಲಕ್ಕೆ ಇದಕ್ಕೆ ಸಾಕ್ಷಿ ಇಲ್ಲ, ಆದರೆ ಸಾವಿರ ವರ್ಷದ ನಂತರ ಅದೇ ಗುಜರಾತಿನಲ್ಲಿ ಧಾರಾಳವಾಗಿದೆ. ಅಹಮದಾಬಾದಿನ ಪಕ್ಕದ ಸರ್ಖೇಜ್ 17ನೆಯ ಶತಮಾನದಲ್ಲಿ ನೀಲಿಗೆ ಜಗತ್ಪ್ರಸಿದ್ಧ. ಆಗ್ರಾ ಬಳಿಯ ಬಯಾನಾದ ನೀಲಿ ಅದಕ್ಕಿಂತ ಮೇಲು ಎಂದು ಹೆಸರಾಗಿತ್ತು. ಸರ್ಖೇಜಿನ ನೀಲಿಯಲ್ಲಿ ಮರಳು ಬೆರೆಸುತ್ತಾರೆ ಎಂಬುದು ಯುರೋಪಿನ ವ್ಯಾಪಾರಿಗಳ ನಿತ್ಯದ ಗೋಳು. ಫ್ರೆಂಚ್ ವ್ಯಾಪಾರಿ ತವೆರ್ನಿಯೆ ಅದನ್ನು ಪತ್ತೆ ಮಾಡುವ ಬಗೆಯನ್ನೂ ಬರೆದಿದ್ದಾನೆ: ಸುಟ್ಟು ನೋಡಿದರೆ ನೀಲಿ ಬೂದಿಯಾಗುತ್ತದೆ, ಮರಳು ಹಾಗೇ ಉಳಿಯುತ್ತದೆ. ಅವನ ಇನ್ನೊಂದು ಮಾತು ನನ್ನನ್ನು ಬಿಟ್ಟಿಲ್ಲ. ನೀಲಿ ಪುಡಿಯನ್ನು ಜರಡಿ ಹಿಡಿಯುವ ಕೂಲಿಗಳು ಮುಖಕ್ಕೆ ಬಟ್ಟೆ ಕಟ್ಟಿಕೊಂಡರೂ ದಿನಗಟ್ಟಲೆ ಉಗುಳಿದ್ದೆಲ್ಲ ನೀಲಿಯಂತೆ. ಬೆಳಗ್ಗೆ ಅವರ ಪಕ್ಕ ಇಟ್ಟ ಕೋಳಿಮೊಟ್ಟೆಯನ್ನು ಸಂಜೆ ಒಡೆದರೆ ಒಳಗೂ ನೀಲಿಯಂತೆ.

ಹೀಗಿರುವಾಗ ಸುಂಕದವನಿಗೆ ನಂಬಿಕಸ್ತ ಲೆಕ್ಕ ಅಂದರೆ ಕುಟಿಗಳ ಲೆಕ್ಕವೇ. ಊರಿನಲ್ಲಿ ನೀಲಿಯ ಮನೆ ಎಷ್ಟಿದೆ? ಒಂದೊಂದಕ್ಕೆ 3 ರೂಪಕ. ಮುಗಿಯಿತು.

ಆದರೆ ಈ ಸಾಲು ನನಗೆ ಮುಖ್ಯವಾಗಿ ಕಂಡದ್ದು ತೆರಿಗೆಯ ಜಾಣತನಕ್ಕಲ್ಲ. ಕುಟಿಯ ಮೇಲಿನ ಸುಂಕವನ್ನು ಊರಿನ ಕಟ್ಟಳೆಯೊಂದು ಹೀಗೆ ಹೆಸರಿಟ್ಟು, ಬೆಲೆ ಕಟ್ಟಿ, ಎಲ್ಲರಿಗೂ ಗೊತ್ತಾಗುವಂತೆ ಬರೆದಿಟ್ಟಿದೆ. ಕುಟಿ ಇಟ್ಟವನಿಗೆ ತಾನು ಎಷ್ಟು ಕೊಡಬೇಕು, ಎಷ್ಟಕ್ಕಿಂತ ಹೆಚ್ಚು ಕೊಡಬೇಕಿಲ್ಲ ಎಂಬುದು ಗೊತ್ತಿತ್ತು.

ತೊಟ್ಟಿ ಯಾರದ್ದು?

ನೀಲಿಯ ಮುಂದಿನ ಚರಿತ್ರೆಯನ್ನೆಲ್ಲ ಈ ಒಂದು ಪ್ರಶ್ನೆ ಇಟ್ಟುಕೊಂಡು ಓದಬಹುದು ಅನ್ನಿಸುತ್ತದೆ.

13ನೆಯ ಶತಮಾನದ ಕೊನೆಯಲ್ಲಿ ಕೊಲ್ಲಂ ಬಂದರನ್ನು ಕಂಡ ಮಾರ್ಕೋ ಪೋಲೋ ಅಲ್ಲಿನ ನೀಲಿಯನ್ನು ಹೊಗಳಿದ್ದಾನೆ. ಗಿಡವನ್ನು ದೊಡ್ಡ ಪಾತ್ರೆಗಳಲ್ಲಿ ಕೊಳೆಯುವ ತನಕ ನೆನೆಸಿ, ಆ ನೀರನ್ನು ಬಿಸಿಲಿಗಿಟ್ಟು ಗಟ್ಟಿ ಮಾಡುತ್ತಾರೆ ಎಂದು ವಿವರಿಸಿದ್ದಾನೆ. ಗಾಳಿ ಬೆರೆಸಲು ಬಡಿಯುವ ಹಂತವನ್ನೇ ಬಿಟ್ಟಿದ್ದಾನೆ. ಬಕೆಟ್ ಎತ್ತಿ ತೋಳು ನೋಯಿಸಿಕೊಂಡವನಿಗೆ ಈ ಬಿಟ್ಟ ಮಾತು ಥಟ್ಟನೆ ಕಾಣುತ್ತದೆ. ಹೊರಗಿನವರು ಸರಕನ್ನು ಕಂಡಷ್ಟು ಸುಲಭವಾಗಿ ಕುಟಿಯೊಳಗಿನ ಕೆಲಸವನ್ನು ಕಾಣುವುದಿಲ್ಲ.

1633ರಲ್ಲಿ ಷಹಜಹಾನ್ ನೀಲಿ ವ್ಯಾಪಾರದ ಏಕಸ್ವಾಮ್ಯವನ್ನು ಮನೋಹರದಾಸ್ ದಂಡಾ ಎಂಬ ವರ್ತಕನಿಗೆ ಕೊಟ್ಟ. ಡಚ್ಚರು, ಇಂಗ್ಲಿಷರು ಸೇರಿ ಕೊಳ್ಳುವುದಿಲ್ಲ ಎಂದು ಹಠ ಹಿಡಿದರು. ಏಕಸ್ವಾಮ್ಯ ಹೆಚ್ಚು ದಿನ ಬಾಳಲಿಲ್ಲ. ಆದರೆ ನೀಲಿಯ ಬೆಲೆಯನ್ನು ಬೆಳೆದವರೂ ತೆಗೆದವರೂ ಅಲ್ಲದ ಮೂರನೆಯವರು ಗೊತ್ತುಮಾಡುವ ಕಾಲ ಬಂದಿತ್ತು.

ಬಂಗಾಳದಲ್ಲಿ ಅದು ಪೂರ್ತಿಯಾಯಿತು. 19ನೆಯ ಶತಮಾನದ ಹೊತ್ತಿಗೆ ಅಲ್ಲಿ ತೊಟ್ಟಿಗಳು ಯುರೋಪಿಯನ್ ತೋಟಗಾರರದ್ದು, ಹೊಲ ರೈತನದ್ದು. ರೈತನಿಗೆ ‘ದಾದನ್’ ಎಂಬ ಮುಂಗಡ ಕೊಟ್ಟು, ಒಳ್ಳೆಯ ನೆಲದಲ್ಲಿ ಭತ್ತ ಬಿಟ್ಟು ನೀಲಿ ಬಿತ್ತುವಂತೆ ಕಟ್ಟಿಹಾಕುತ್ತಿದ್ದರು. ಕಟ್ಟುಗಳನ್ನು ಅಳೆಯುವವರೂ ಅವರೇ, ಬೆಲೆ ಹೇಳುವವರೂ ಅವರೇ. ಸಾಲ ತೀರುತ್ತಲೇ ಇರಲಿಲ್ಲ. ಅಪ್ಪನ ಸಾಲ ಮಗನ ಹೆಗಲಿಗೆ. ಒಪ್ಪದವರನ್ನು ಎಳೆದೊಯ್ದು ಕೂಡಿಹಾಕುತ್ತಿದ್ದದ್ದು ತೋಟಗಾರರ ಕಾರ್ಖಾನೆಯಲ್ಲಿ. ಆ ಕಾರ್ಖಾನೆಗೆ ಬಂಗಾಳಿಯಲ್ಲಿ ಏನೆನ್ನುತ್ತಾರೆ ಗೊತ್ತೇ? ‘ನೀಲ್‌ಕುಠಿ’.

592ರ ನೀಲಕುಟಿ, 1859ರ ನೀಲ್‌ಕುಠಿ. ಮೊದಲ ಸಲ ಓದಿದಾಗ ಮೈ ಜುಮ್ಮೆಂದಿತು. ಆದರೆ ಮೇಷ್ಟ್ರ ಮಾತು ನೆನಪಾಯಿತು. ವಿಚಾರಿಸಿದರೆ ಬಂಗಾಳಿಯ ‘ಕುಠಿ’ ನಮ್ಮ ‘ಕೋಠಿ’ಯ ನೆಂಟ, ಕೋಷ್ಠ ಎಂಬ ಮೂಲದಿಂದ ಬಂದದ್ದು. ‘ಕುಟಿ’ ಎಂದರೆ ಗುಡಿಸಲು, ಅದು ಬೇರೆ. ಎರಡು ಪದಗಳು ಒಂದರ ಮಕ್ಕಳಲ್ಲ, ನೋಡಲು ಒಂದೇ ಥರ ಇವೆ ಅಷ್ಟೆ. ಪದದ ನಂಟು ಸುಳ್ಳು, ಆದರೆ ಎರಡೂ ಹೆಸರುಗಳ ಹಿಂದಿರುವ ಸತ್ಯ ಒಂದೇ: ನೀಲಿಯ ಲೆಕ್ಕ ನಡೆಯುವುದು ತೊಟ್ಟಿ ಇರುವ ಕಡೆ. ಒಂದು ಕಡೆ ಗೊತ್ತಾದ ದರದ ಸುಂಕ ಕೊಟ್ಟು ನಡೆಯುತ್ತಿದ್ದ ಗುಡಿಸಲು, ಇನ್ನೊಂದು ಕಡೆ ರೈತನನ್ನು ಕೂಡಿಹಾಕಿದ ಕೋಠಿ. ಗಿಡ ಅದೇ, ರಸಾಯನ ಅದೇ.

1859ರಲ್ಲಿ ನದಿಯಾ ಜಿಲ್ಲೆಯ ಚೌಗಾಚಾ ಗ್ರಾಮದ ದಿಗಂಬರ ಬಿಸ್ವಾಸ್ ಮತ್ತು ಬಿಷ್ಣುಚರಣ್ ಬಿಸ್ವಾಸ್ ಮುಂದಾಳತ್ವದಲ್ಲಿ ರೈತರು ‘ನೀಲಿ ಬಿತ್ತುವುದಿಲ್ಲ’ ಎಂದು ನಿಂತರು. ಕಿಚ್ಚು ಜಿಲ್ಲೆ ಜಿಲ್ಲೆಗೆ ಹಬ್ಬಿತು. 1860ರಲ್ಲಿ ಸರ್ಕಾರ ವಿಚಾರಣೆಗೆ ನೀಲಿ ಆಯೋಗ ಕೂರಿಸಿತು. ಅದೇ ವರ್ಷ ದೀನಬಂಧು ಮಿತ್ರ ‘ನೀಲದರ್ಪಣ’ ನಾಟಕ ಪ್ರಕಟಿಸಿದರು. ಅದರ ಇಂಗ್ಲಿಷ್ ಅನುವಾದ ಹೊರತಂದದ್ದಕ್ಕೆ ಪಾದ್ರಿ ಜೇಮ್ಸ್ ಲಾಂಗ್ 1861ರಲ್ಲಿ ಒಂದು ತಿಂಗಳು ಜೈಲು ಸೇರಿದರು. 1,000 ರೂಪಾಯಿ ದಂಡವನ್ನು ಕಾಳಿಪ್ರಸನ್ನ ಸಿಂಹ ಕಟ್ಟಿದರು.

ನೀಲಿ ಬಂಗಾಳದಿಂದ ಬಿಹಾರದ ಕಡೆ ಸರಿಯಿತು. ಚಂಪಾರಣದ ‘ತೀನ್‌ಕಠಿಯಾ’ ಎಲ್ಲರಿಗೂ ಗೊತ್ತು: 20 ಕಠಾದ ಬಿಘಾದಲ್ಲಿ 3 ಕಠಾ ನೀಲಿಗೆ ಮೀಸಲಿಡಬೇಕು. 1897ರಲ್ಲಿ ಜರ್ಮನಿಯ ಬಿಎಎಸ್‌ಎಫ್ ಕಂಪನಿ ಕೃತಕ ನೀಲಿಯನ್ನು ಮಾರುಕಟ್ಟೆಗೆ ಬಿಟ್ಟಿತು. ಆ ಕಂಪನಿಯ ಹೆಸರಿನಲ್ಲಿರುವ ‘ಎ’ ಅಕ್ಷರವೇ ‘ಅನಿಲೀನ್’, ನಮ್ಮ ‘ನೀಲ’ದ್ದೇ ಮರಿ. ಗಿಡದ ನೀಲಿಯ ಬೆಲೆ ಕುಸಿದಾಗ ತೋಟಗಾರರು ನಷ್ಟವನ್ನೂ ರೈತನ ತಲೆಗೇ ಕಟ್ಟಿದರು. ‘ನೀಲಿ ಬಿತ್ತುವುದರಿಂದ ಬಿಡುಗಡೆ ಬೇಕಾ? ಹಾಗಾದರೆ ಗೇಣಿ ಹೆಚ್ಚಿಗೆ ಕೊಡು’ ಎಂದರು. 1917ರಲ್ಲಿ ಗಾಂಧೀಜಿ ಚಂಪಾರಣಕ್ಕೆ ಹೋದದ್ದು, 1918ರ ಕಾಯ್ದೆಯಿಂದ ತೀನ್‌ಕಠಿಯಾ ಕೊನೆಯಾದದ್ದು ಶಾಲೆಯ ಪಾಠದಲ್ಲೇ ಇದೆ.

ಪಾಠದಲ್ಲಿ ಇಲ್ಲದ್ದು ನಮ್ಮ ಪಕ್ಕದ ಕಥೆ. ಮದರಾಸು ಪ್ರಾಂತ್ಯವೂ ಅದೇ ಕಾಲದಲ್ಲಿ ನೀಲಿಯ ದೊಡ್ಡ ನೆಲೆ. ಕಡಪದ ನೀಲಿ ‘ಕುರ್ಪಾ’ ಎಂಬ ಹೆಸರಿನಲ್ಲಿ ಲಂಡನ್ನಿನ ಮಾರುಕಟ್ಟೆಯಲ್ಲಿ ಬಿಕರಿಯಾಗುತ್ತಿತ್ತು. ಇಲ್ಲಿ ತೋಟಗಾರ ಸಾಹೇಬರ ಕೋಠಿಗಳಿಗಿಂತ ಹಳ್ಳಿಯ ತೊಟ್ಟಿಗಳೇ ಹೆಚ್ಚು. ಸ್ಥಳೀಯರೇ ಬೆಳೆದು, ಸ್ಥಳೀಯರೇ ತೆಗೆಯುತ್ತಿದ್ದರು. ಕಷ್ಟ ಇರಲಿಲ್ಲ ಅಂತಲ್ಲ. ಆದರೆ ಬಂಗಾಳದಂಥ ನೀಲಿ ದಂಗೆಯ ನೆನಪು ಈ ಕಡೆ ಇಲ್ಲ. ತೊಟ್ಟಿ ಊರಿನದ್ದಾಗಿದ್ದುದೂ ಅದಕ್ಕೆ ಒಂದು ಕಾರಣ ಎಂದು ನನ್ನ ಅಂದಾಜು.

ಕಳೆದ ವರ್ಷ ಶಾಸನ ನೋಡಲು ಕಡಪದ ಕಡೆಯ ಒಂದು ಹಳ್ಳಿಗೆ ಹೋಗಿದ್ದೆವು. ಕಲ್ಲು ಸಿಗಲಿಲ್ಲ. ದಾರಿಯಲ್ಲಿ ಬಾವಿಯ ಪಕ್ಕ, ಪೊದೆಗಳ ನಡುವೆ ಗಾರೆಯ ಎರಡು ತೊಟ್ಟಿಗಳು ಕಂಡವು. ಒಂದು ಮೇಲೆ, ಒಂದು ಕೆಳಗೆ, ನಡುವೆ ನೀರು ಇಳಿಯಲು ಒಂದು ತೂತು. ಮೇಲಿನದು ನೆನೆಸಲು, ಕೆಳಗಿನದು ಬಡಿಯಲು. ದನ ಮೇಯಿಸುತ್ತಿದ್ದ ಹಿರಿಯರೊಬ್ಬರು ‘ನೀಲಿಮಂದು ತೊಟ್ಟಿ’ ಅಂದರು. ತೆಲುಗಿನಲ್ಲಿ ನೀಲಿಮಂದು ಎಂದರೆ ಇದೇ ನೀಲಿ. ಒಂದು ಅಕ್ಷರವೂ ಇಲ್ಲದ ಆ ಗಾರೆಯ ಮುಂದೆ ಕಲ್ಲು ಶಾಸನ ಸಿಗದ ಬೇಸರ ಹೋಯಿತು.

ಬಾನಿ

24 ಗ್ರಾಂ ಬಿಲ್ಲೆಯ ಕಥೆ ಮುಗಿಸಿಬಿಡುತ್ತೇನೆ. ನೀಲಿ ನೀರಿನಲ್ಲಿ ಕರಗದು, ಬಟ್ಟೆಗೂ ಹತ್ತದು. ಅದನ್ನು ಮತ್ತೆ ಕರಗುವ ಹಾಗೆ ಮಾಡಬೇಕು, ಅಂದರೆ ಕುಟಿಯಲ್ಲಿ ಕುಡಿಸಿದ ಗಾಳಿಯನ್ನು ಬಾನಿಯಲ್ಲಿ ಹೊರಗೆ ತೆಗೆಯಬೇಕು. ದಕ್ಷಿಣದ ಬಣ್ಣಗಾರರು ಇದಕ್ಕೆ ತಗಚೆ ಬೀಜ ಬೇಯಿಸಿ ಹಾಕಿ, ಸುಣ್ಣ ಬೆರೆಸಿ ಹುಳಿಸುತ್ತಿದ್ದರು. ಹಿತ್ತಿಲಲ್ಲಿ ಮಣ್ಣಿನ ಬಾನಿ ಇಟ್ಟು, ಅರೆದ ನೀಲಿ, ಸುಣ್ಣದ ತಿಳಿ, ತಗಚೆ, ಬೆಲ್ಲ ಹಾಕಿದೆ. ಡಿಸೆಂಬರ್ ತಿಂಗಳು, ಬೆಂಗಳೂರಿನ ಚಳಿಗೆ ಬಾನಿ ಮಲಗಿಬಿಟ್ಟಿತು. ಹಳೆಯ ಕಂಬಳಿ ಸುತ್ತಿದೆ. ಆರನೆಯ ದಿನ ಮೇಲೆ ತಾಮ್ರದ ಪೊರೆ, ಕೆಳಗೆ ಹಳದಿ ಹಸಿರು ನೀರು. ಬಾನಿ ಎದ್ದಿತ್ತು.

ಅಪ್ಪನ ಒಂದು ಹಳೆ ಪಂಚೆಯನ್ನು ಒದ್ದೆ ಮಾಡಿ ಅದ್ದಿ, ಎರಡು ನಿಮಿಷ ಬಿಟ್ಟು ಮೇಲೆತ್ತಿದೆ. ಹಳದಿ ಹಸಿರಾಗಿ ಬಂದ ಬಟ್ಟೆ ಕೈಯಲ್ಲೇ, ಗಾಳಿ ತಾಗಿದ ಕಡೆಯಿಂದ, ನೋಡನೋಡುತ್ತ ನೀಲಿಯಾಯಿತು. ನಾಲ್ಕು ಸಲ ಅದ್ದಿದೆ. ಒಗೆದರೂ ಹೋಗಿಲ್ಲ. ಅಲ್ಲಲ್ಲಿ ಮಚ್ಚೆ ಮಚ್ಚೆಯಾಗಿದೆ, ಬಣ್ಣಗಾರರು ಕಂಡರೆ ನಗುತ್ತಾರೆ.

ಮೇಷ್ಟ್ರ ಮನೆಗೆ ಆ ಪಂಚೆಯನ್ನೂ ವಿಷ್ಣುಷೇಣನ ಶಾಸನದ ಪ್ರತಿಯನ್ನೂ ಒಯ್ದಿದ್ದೆ. ಅವರು ಪಂಚೆಯನ್ನು ಮೂಸಿ ನೋಡಿ ಮುಖ ಸಿಂಡರಿಸಿದರು. ಶಾಸನವನ್ನು ಮಾತ್ರ ನಿಧಾನವಾಗಿ ಓದಿ, ‘ಯಂತ್ರಕುಟಿ’ ಪದದ ಮೇಲೆ ಬೆರಳಿಟ್ಟು, ‘ಈ ಸಲ ನೆರೆಹೊರೆ ಕೇಳಿಕೊಂಡು ಬಂದಿದ್ದೀರಿ’ ಅಂದರು.

ಓದುಗರಲ್ಲಿ ಎರಡು ಕೋರಿಕೆ. ನಿಮ್ಮ ಕಡೆಯ ಶಾಸನಗಳಲ್ಲಿ ಸುಂಕದ ಪಟ್ಟಿ ಸಿಕ್ಕು, ಅಲ್ಲಿ ‘ನೀಲ’, ‘ನೀಲಿ’ ಕಂಡರೆ, ಆ ಒಂದು ಪದವನ್ನಷ್ಟೇ ಅಲ್ಲ, ಹಿಂದಿನ ಐದು, ಮುಂದಿನ ಐದು ಪದಗಳನ್ನೂ ಬರೆದುಕೊಳ್ಳಿ. ಇನ್ನು, ಕೋಲಾರ, ಚಿಕ್ಕಬಳ್ಳಾಪುರ, ಬಳ್ಳಾರಿಯ ಗಡಿ ಹಳ್ಳಿಗಳಲ್ಲಿ ಓಡಾಡುವಾಗ ಬಾವಿಯ ಬಳಿ ಮೇಲೊಂದು ಕೆಳಗೊಂದು ಹಳೆಯ ಗಾರೆ ತೊಟ್ಟಿ ಕಂಡರೆ, ‘ಯಾವುದೋ ನೀರಿನ ತೊಟ್ಟಿ’ ಅಂತ ಮುಂದೆ ಹೋಗಬೇಡಿ. ನಡುವೆ ತೂತು ಇದೆಯಾ ನೋಡಿ, ಉದ್ದಗಲ ಅಳೆದುಕೊಳ್ಳಿ, ಊರಿನ ಹಿರಿಯರು ಅದಕ್ಕೆ ಏನೆನ್ನುತ್ತಾರೆ, ಅದು ಯಾರದಾಗಿತ್ತು ಅಂತ ಕೇಳಿ. ಆ ಕೊನೆಯ ಪ್ರಶ್ನೆಯನ್ನು ಮಾತ್ರ ಮರೆಯಬೇಡಿ.